ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು

‘ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ’ – ಈ ಗಾದೆ ಕೇಳದೆ ಬೆಳೆದ ಕನ್ನಡದ ಮಕ್ಕಳು ಯಾರಾದರೂ ಇದ್ದಾರೆಯೇ? ಪರೀಕ್ಷೆ ಮುಗಿಸಿ ಬಂದು ಪುಸ್ತಕ ತಿರುವಿ ಹಾಕಿದರೆ ಅಮ್ಮ ಹೇಳುತ್ತಿದ್ದದ್ದು ಇದನ್ನೇ. ಹಾಲು ಉಕ್ಕಿ ಒಲೆಯೆಲ್ಲ ಹರಿದ ಮೇಲೆ ಗ್ಯಾಸ್ ಆರಿಸಲು ಓಡಿದ ಅಕ್ಕನಿಗೆ ಅಜ್ಜಿ ಹೇಳುತ್ತಿದ್ದದ್ದೂ ಇದನ್ನೇ. ತಡವಾಗಿ ಎಚ್ಚೆತ್ತವರನ್ನು ಕುಟುಕಲು ಇದಕ್ಕಿಂತ ಒಳ್ಳೆಯ ಗಾದೆ ಇಲ್ಲ ಬಿಡಿ.

ಆದರೆ ಒಂದೇ ಒಂದು ವಿಷಯದಲ್ಲಿ ಈ ಗಾದೆ ತಲೆಕೆಳಗು. ಯಾವ ವಿಷಯ ಅಂತೀರಾ? ಕೊಳ್ಳೆಯ ವಿಷಯದಲ್ಲೇ! ಒಮ್ಮೆ ಕಳ್ಳ ಬಂದು ಹೋದ ಮನೆಗೆ ಮತ್ತೆ ಕಳ್ಳ ಬರುವ ಸಾಧ್ಯತೆ ಬೇರೆ ಮನೆಗಳಿಗಿಂತ ಎಷ್ಟೋ ಪಟ್ಟು ಹೆಚ್ಚು. ಅಂದರೆ ಕೋಟೆ ಬಾಗಿಲು ಹಾಕಲು ಸರಿಯಾದ ಸಮಯ ಯಾವುದು ಅಂದರೆ, ಕೊಳ್ಳೆ ಹೊಡೆದ ಮರುದಿನ ಬೆಳಿಗ್ಗೆ. ಇದನ್ನು ನಾನು ಕಲಿತದ್ದು ಇಂಗ್ಲೆಂಡಿನ ನಟ್ಟನಡುವಿನ ಒಂದು ಊರಿನಲ್ಲಿ. ಕಲಿಸಿದವರು ಅಲ್ಲಿಯ ಪೊಲೀಸರು, ಕೌನ್ಸಿಲ್ಲಿನವರು ಮತ್ತು ನಮ್ಮ ಪಕ್ಕದ ಮನೆಯ ಅಜ್ಜಿ. ಕಲಿಕೆಯ ಫೀಸು ಸ್ವಲ್ಪ ಜಾಸ್ತಿಯೇ ಆಯ್ತು, ಅದನ್ನೇ ಮೊದಲು ಹೇಳ್ತೀನಿ.

*

2016ರ ನವೆಂಬರ್. ಬೇರೆ ಊರಿನಲ್ಲಿ ಕನ್ನಡ ರಾಜ್ಯೋತ್ಸವದ ಕಾರ್ಯಕ್ರಮ. ನಾವು ಮನೆಮಂದಿಯೆಲ್ಲ ಮಧ್ಯಾಹ್ನವೇ ಹೊರಟು, ಬಿಸಿಬೇಳೆಬಾತ್ ತಿಂದು, ಮಕ್ಕಳ ಡ್ಯಾನ್ಸು ನೋಡಿ, ರಾತ್ರಿ ಹತ್ತೂವರೆಗೆ ಮನೆಗೆ ಬಂದರೆ ಹಿಂಬಾಗಿಲು ಸುಮ್ಮನೆ ತೆರೆದುಕೊಂಡಿದೆ. ಗಾಜು ಒಡೆದಿರಲಿಲ್ಲ, ಬಾಗಿಲು ಮೀಟಿದ ಗುರುತೂ ಇರಲಿಲ್ಲ. ಬೀಗದ ಸಿಲಿಂಡರನ್ನು ಹಿಡಿದು ಕಡ್ಡಿ ಮುರಿದಂತೆ ಎರಡು ತುಂಡು ಮಾಡಿದ್ದರು. ಇಲ್ಲಿಯ ಪ್ಲಾಸ್ಟಿಕ್ ಬಾಗಿಲುಗಳಿಗೆ ಹಾಕುವ ‘ಯೂರೋ ಸಿಲಿಂಡರ್’ ಅನ್ನುವ ಬೀಗದ ಹಳೆಯ ಮಾದರಿಗಳಿಗೆ ನಡುವೆ ಒಂದು ಸಣಕಲು ಜಾಗ ಇರುತ್ತದೆ. ಅಭ್ಯಾಸವಿದ್ದವನಿಗೆ ಅದನ್ನು ಮುರಿಯಲು ಒಂದು ನಿಮಿಷವೂ ಬೇಡ. ‘ಲಾಕ್ ಸ್ನ್ಯಾಪಿಂಗ್’ ಅಂತ ಅದಕ್ಕೊಂದು ಹೆಸರೇ ಇದೆ.

ಟೀವಿ ಇತ್ತು, ಲ್ಯಾಪ್‌ಟಾಪ್ ಇತ್ತು. ಹೋದದ್ದು ಮಲಗುವ ಕೋಣೆಯ ಬೀರುವಿನಲ್ಲಿದ್ದ ಚಿನ್ನ ಮಾತ್ರ. ನನ್ನವಳ ಅಮ್ಮ ಮದುವೆಯಲ್ಲಿ ಕೊಟ್ಟ ಅವಲಕ್ಕಿ ಸರ, ಅವರಿಗೆ ಅವರ ಅತ್ತೆ ಕೊಟ್ಟದ್ದು ಅದು. ನಾಲ್ಕು ಬಳೆ. ಮಗಳ ನಾಮಕರಣಕ್ಕೆ ಬಂದ ಪುಟ್ಟ ಪುಟ್ಟ ಉಂಗುರಗಳು. ಮೈಮೇಲಿದ್ದ ಮಾಂಗಲ್ಯ, ಒಂದು ಜೊತೆ ಓಲೆ ಉಳಿದವು.

ಮರುದಿನ ಒಬ್ಬ ಪೊಲೀಸಮ್ಮ ಬಂದರು. ಹೇಳಿಕೆ ಬರೆದುಕೊಳ್ಳುವಾಗ ‘ಅವಲಕ್ಕಿ ಸರ’ ಬಂತು ನೋಡಿ, ಪೆನ್ನು ನಿಂತಿತು. “ಅದರರ್ಥ ಏನು?” ಅಂದರು. ಚಪ್ಪಟೆ ಮಾಡಿದ ಅಕ್ಕಿಯಂಥ ಚಿನ್ನದ ತುಣುಕುಗಳನ್ನು ಪೋಣಿಸಿದ್ದು ಅಂತ ನಾನು ವಿವರಿಸಿದೆ. “ಅಕ್ಕಿಯನ್ನು ಯಾಕೆ ಚಪ್ಪಟೆ ಮಾಡ್ತೀರಿ?” ಅಂತ ಅವರು ನಿಜವಾಗಿಯೂ ಕುತೂಹಲದಿಂದ ಕೇಳಿದರು. ಅತ್ತು ಅತ್ತು ಕಣ್ಣು ಕೆಂಪಾಗಿದ್ದ ನನ್ನವಳು ಆ ಗಳಿಗೆಯಲ್ಲಿ ನಕ್ಕುಬಿಟ್ಟಳು. ಕೊನೆಗೆ ಮದುವೆಯ ಆಲ್ಬಂ ತೆಗೆದು ತೋರಿಸಿದ ಮೇಲೆ ಸಮಸ್ಯೆ ಪರಿಹಾರವಾಯಿತು. ಫೋಟೋದ ಫೋಟೋ ಅವರ ಫೈಲಿಗೆ ಸೇರಿತು.

ದೀಪಾವಳಿಯ ಆಸುಪಾಸಿನಲ್ಲಿ ಭಾರತೀಯರ, ಪಾಕಿಸ್ತಾನಿಗಳ, ಬಾಂಗ್ಲಾದೇಶಿಗಳ ಮನೆಗಳಿಗೆ ಕಳ್ಳರು ಚಿನ್ನಕ್ಕಾಗಿಯೇ ಬರುತ್ತಾರೆ ಅನ್ನುವುದು ಇಲ್ಲಿ ಗುಟ್ಟೇನಲ್ಲ. ಐದು ವರ್ಷಗಳಲ್ಲಿ ಬ್ರಿಟನ್ನಿನಲ್ಲಿ ‘ಏಷ್ಯನ್ ಚಿನ್ನ’ ಅಂತ ದಾಖಲಾದ ಕಳವಿನ ಮೌಲ್ಯ ಸುಮಾರು 14 ಕೋಟಿ ಪೌಂಡ್ ಅಂತ 2019ರಲ್ಲಿ ಬಿಬಿಸಿ ಲೆಕ್ಕ ಕೊಟ್ಟಿತ್ತು. ಅಕ್ಟೋಬರ್ ಕೊನೆಗೆ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ, ನವೆಂಬರಿನಲ್ಲಿ ಸಂಜೆ ನಾಲ್ಕೂವರೆಗೆಲ್ಲ ಕತ್ತಲು. ದೀಪ ಹೊತ್ತಿಸದ ಮನೆ ಅಂದರೆ ಖಾಲಿ ಮನೆ ಅಂತ ಬೀದಿಗೆಲ್ಲ ಡಂಗುರ ಸಾರಿದ ಹಾಗೆ.

*

ಮೂರನೇ ದಿನ ಇಬ್ಬರು ಒಟ್ಟಿಗೆ ಬಂದು ಬಾಗಿಲು ತಟ್ಟಿದರು. ಒಬ್ಬರು ಪಿ.ಸಿ.ಎಸ್.ಓ, ಅಂದರೆ ಪೊಲೀಸ್ ಕಮ್ಯುನಿಟಿ ಸಪೋರ್ಟ್ ಆಫೀಸರ್. 2002ರ ಕಾನೂನಿನಿಂದ ಹುಟ್ಟಿದ ಹುದ್ದೆ ಅದು. ಪೂರ್ಣ ಪ್ರಮಾಣದ ಕಾನ್‌ಸ್ಟೆಬಲ್ ಅಲ್ಲ, ಅವರ ಹಾಗೆ ಬಂಧಿಸುವ ಅಧಿಕಾರ ಇಲ್ಲ. ನಡೆದುಕೊಂಡು ಬೀದಿ ಬೀದಿ ಸುತ್ತುವುದು, ಜನರ ಜೊತೆ ಮಾತಾಡುವುದು ಅವರ ಕೆಲಸ. ಇನ್ನೊಬ್ಬರು ಕೌನ್ಸಿಲ್ಲಿನವರು. ಕೈಯಲ್ಲಿ ಡ್ರಿಲ್ಲು, ಹೊಸ ಬೀಗ!

“ಕಳ್ಳರು ಹೋಗಿ ಆಯ್ತಲ್ಲ, ಇನ್ನು ತೆಗೆದುಕೊಂಡು ಹೋಗಲು ಮನೆಯಲ್ಲೇನೂ ಉಳಿದಿಲ್ಲ” ಅಂತ ನಾನು ಹೇಳಿದೆ. ಪಿ.ಸಿ.ಎಸ್.ಓ ನಗಲಿಲ್ಲ. “ಅವರಿಗೆ ನಿಮ್ಮ ಮನೆಯ ನಕ್ಷೆ ಈಗ ಗೊತ್ತು. ಯಾವ ಬಾಗಿಲು, ಯಾವ ಬೀಗ, ಯಾವ ಕೋಣೆ, ಓಡಲು ಯಾವ ದಾರಿ, ಎಲ್ಲ ಗೊತ್ತು. ವಿಮೆ ಹಣದಲ್ಲಿ ಹೊಸದು ತರ್ತೀರಿ ಅಂತಲೂ ಗೊತ್ತು. ಮುಂದಿನ ಕೆಲವು ವಾರ ಜೋಪಾನ. ನಿಮಗೆ ಮಾತ್ರ ಅಲ್ಲ, ಅಕ್ಕಪಕ್ಕದವರಿಗೂ ಹೇಳಿ ಬರ್ತೀವಿ” ಅಂತ ಹೇಳಿ ಎಡಕ್ಕೆ ಮೂರು ಮನೆ, ಬಲಕ್ಕೆ ಮೂರು ಮನೆ, ಎದುರಿಗೆ ಒಂದಷ್ಟು ಮನೆ ತಟ್ಟುತ್ತಾ ಹೋದರು.

ನನಗೆ ತಟ್ಟನೆ ನೆನಪಾದದ್ದು ‘ನಾಳೆ ಬಾ’. ತೊಂಬತ್ತರ ದಶಕದಲ್ಲಿ ನಮ್ಮ ಹಳ್ಳಿಗಳ ಮನೆ ಬಾಗಿಲುಗಳ ಮೇಲೆಲ್ಲ ಸುಣ್ಣದಲ್ಲೋ ಸೀಮೆಸುಣ್ಣದಲ್ಲೋ ಬರೆದಿರುತ್ತಿತ್ತಲ್ಲ? ರಾತ್ರಿ ಬಂದು ಬಾಗಿಲು ತಟ್ಟುವ ದೆವ್ವ ಅದನ್ನು ಓದಿ, ಸರಿ ನಾಳೆ ಬರೋಣ ಅಂತ ವಾಪಸು ಹೋಗಲಿ ಎಂದು. ದೆವ್ವಕ್ಕೆ ಆ ಉಪಾಯ ನಡೆಯಬಹುದು. ಕಳ್ಳನಿಗೆ ಮಾತ್ರ ಮುರಿದ ಬೀಗವೇ ‘ನಾಳೆ ಬಾ’ ಬೋರ್ಡು. ಅವನು ಓದಿಕೊಂಡು ನಿಜವಾಗಿಯೂ ನಾಳೆ ಬರುತ್ತಾನೆ!

*

ಈ ತಿಳಿವಳಿಕೆ ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋದರೆ ಸಿಕ್ಕಿದ್ದು ಕರ್ಕ್‌ಹೋಲ್ಟ್. ಮ್ಯಾಂಚೆಸ್ಟರ್ ಹತ್ತಿರದ ರಾಚ್‌ಡೇಲ್ ಎಂಬ ಊರಿನಲ್ಲಿ ಕೌನ್ಸಿಲ್ ಕಟ್ಟಿಸಿದ ಬಾಡಿಗೆ ಮನೆಗಳ ಬಡಾವಣೆ ಅದು, ಎರಡು ಸಾವಿರಕ್ಕೂ ಹೆಚ್ಚು ಮನೆಗಳು. ಎಂಬತ್ತರ ದಶಕದ ನಡುವಿನಲ್ಲಿ ಅಲ್ಲಿ ಕಳ್ಳತನ ಎಷ್ಟಿತ್ತು ಅಂದರೆ, ವರ್ಷಕ್ಕೆ ನಾಲ್ಕು ಮನೆಗೆ ಒಂದರಂತೆ ಕಳ್ಳರು ನುಗ್ಗುತ್ತಿದ್ದರು. ಪೊಲೀಸರು, ಕೌನ್ಸಿಲ್ಲಿನ ವಸತಿ ಇಲಾಖೆ, ಶಿಕ್ಷೆಯಾದವರ ಮೇಲೆ ನಿಗಾ ಇಡುವ ಪ್ರೊಬೇಷನ್ ಇಲಾಖೆ, ವಿದ್ಯುತ್ ಮಂಡಳಿ, ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಕೆನ್ ಪೀಸ್ ಮತ್ತವರ ಸಂಗಡಿಗರು ಎಲ್ಲ ಸೇರಿ ಒಂದು ಯೋಜನೆ ಶುರು ಮಾಡಿದರು.

ಅವರು ಮೊದಲು ಮಾಡಿದ ಕೆಲಸ ನನಗೆ ಬಹಳ ಇಷ್ಟವಾಯ್ತು. ಲಾಠಿ ಹಿಡಿದು ಹೊರಡಲಿಲ್ಲ, ಪ್ರಶ್ನೆ ಕೇಳುತ್ತಾ ಹೊರಟರು. ಕಳ್ಳತನವಾದ ಮನೆಯವರನ್ನು ಕೇಳಿದರು, ಅವರ ನೆರೆಯವರನ್ನು ಕೇಳಿದರು, ಕೊನೆಗೆ ಸಿಕ್ಕಿಬಿದ್ದ ಕಳ್ಳರನ್ನೂ ಕೂರಿಸಿಕೊಂಡು ಕೇಳಿದರು – ಯಾಕಪ್ಪಾ ಆ ಮನೆ? ಹೇಗೆ ಒಳಗೆ ಹೋದೆ? ಉತ್ತರಗಳನ್ನು ಜೋಡಿಸಿದಾಗ ಎರಡು ಸಂಗತಿ ಎದ್ದು ಕಂಡವು.

ಒಂದು, ಆ ಕಾಲದಲ್ಲಿ ಅಲ್ಲಿಯ ಮನೆಗಳಲ್ಲಿ ಗ್ಯಾಸಿಗೆ, ಕರೆಂಟಿಗೆ ನಾಣ್ಯ ಹಾಕುವ ಮೀಟರ್ ಇರುತ್ತಿದ್ದವು. ಅಂದರೆ ಪ್ರತಿ ಬಡವರ ಮನೆಯಲ್ಲೂ ನಗದು ತುಂಬಿದ ಒಂದು ಡಬ್ಬಿ! ಕಳ್ಳನಿಗೆ ಅದು ದೇವಸ್ಥಾನದ ಹುಂಡಿಯಿದ್ದ ಹಾಗೆ. ಎರಡನೆಯದು, ಒಮ್ಮೆ ಕಳ್ಳತನವಾದ ಮನೆಗೆ ಮತ್ತೆ ಕಳ್ಳ ಬರುವ ಅಪಾಯ ಉಳಿದ ಮನೆಗಳಿಗಿಂತ ನಾಲ್ಕು ಪಟ್ಟು ಹೆಚ್ಚಿತ್ತು.

ಹಾಗಾದರೆ ಎರಡು ಸಾವಿರ ಮನೆಗಳಿಗೆ ಕಾವಲು ಹಾಕುವ ಅಗತ್ಯವೇನಿದೆ? ಮೊನ್ನೆ ಕಳ್ಳತನವಾದ ಮನೆಗೆ ಹಾಕಿದರೆ ಸಾಕು. ನಾಣ್ಯದ ಮೀಟರುಗಳನ್ನು ಕಿತ್ತರು. ಕಳ್ಳತನವಾದ ಮನೆಗಳ ಬಾಗಿಲು ಕಿಟಕಿಗಳನ್ನು ತಕ್ಷಣ ಭದ್ರ ಮಾಡಿದರು. ಆ ಮನೆಯ ಸುತ್ತಲಿನ ಐದಾರು ಮನೆಯವರನ್ನು ಕೇಳಿಕೊಂಡರು: ಸ್ವಲ್ಪ ದಿನ ಈ ಮನೆಯ ಮೇಲೆ ಒಂದು ಕಣ್ಣಿಡ್ತೀರಾ? ಇದಕ್ಕೆ ಅವರಿಟ್ಟ ಹೆಸರು ‘ಕೊಕೂನ್’. ರೇಷ್ಮೆಗೂಡು! ರಾಮನಗರದ ಮಾರುಕಟ್ಟೆ ನೋಡಿದ ನಮಗೆ ಇದಕ್ಕಿಂತ ಚೆನ್ನಾಗಿ ಅರ್ಥವಾಗುವ ಹೆಸರು ಬೇರೆ ಬೇಕೆ? ಗಾಯಗೊಂಡ ಒಂದು ಮನೆಯ ಸುತ್ತ ನೆರೆಮನೆಗಳು ನೇಯುವ ಗೂಡು.

ಯೋಜನೆಗೆ ಹಿಂದಿನ ವರ್ಷ 526 ಕಳ್ಳತನ. ಮುಂದಿನ ವರ್ಷ 223. ಮೂರು ವರ್ಷದಲ್ಲಿ ನಾಲ್ಕನೇ ಒಂದು ಭಾಗಕ್ಕೆ ಇಳಿಯಿತು. ಎರಡನೇ ಹಂತದಲ್ಲಿ ಕಳ್ಳರ ಕಡೆಗೂ ತಿರುಗಿದರು. ಸಾಲದ ಸುಳಿಯಲ್ಲಿ ಸಿಕ್ಕವರಿಗಾಗಿ ಬಡಾವಣೆಯಲ್ಲೇ ಒಂದು ಸಹಕಾರಿ ಸಾಲ ಸಂಘ ಮಾಡಿದರು. ಕಳ್ಳನನ್ನು ಹಿಡಿಯುವುದಷ್ಟೇ ಕೆಲಸ ಅಂದುಕೊಂಡಿದ್ದರೆ ಇವ್ಯಾವುವೂ ಹೊಳೆಯುತ್ತಿರಲಿಲ್ಲ, ಅಲ್ವಾ?

*

ಇಲ್ಲಿ ಒಂದು ಸೂಕ್ಷ್ಮ ಇದೆ. ಮೇಲಿನ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಮೀಟರ್ ವಿದ್ಯುತ್ ಮಂಡಳಿಯದು. ಬಾಗಿಲು ಕಿಟಕಿ ಕೌನ್ಸಿಲ್ಲಿನದು. ನೆರೆಯವರು ಯಾರಿಗೂ ಸೇರಿದವರಲ್ಲ. ಪೊಲೀಸರ ಕೈಯಲ್ಲಿ ಇದ್ದದ್ದು ಕಳ್ಳ ಮಾತ್ರ, ಅದೂ ಸಿಕ್ಕರೆ. ಕತ್ತಲೆ ಓಣಿ, ಕೆಟ್ಟ ಬೀದಿದೀಪ, ಪೊದೆ ಬೆಳೆದ ಪಾರ್ಕು, ವರ್ಷಗಟ್ಟಲೆ ಬೀಗ ಹಾಕಿದ ಪಾಳುಮನೆ ಎಲ್ಲವೂ ಕೌನ್ಸಿಲ್ಲಿನ ಲೆಕ್ಕದಲ್ಲಿ ಬರುತ್ತವೆ. ಹಾಗಾಗಿ ಅಪರಾಧ ಕಡಿಮೆ ಮಾಡುವ ಹೊಣೆ ಸ್ಥಳೀಯ ಕೌನ್ಸಿಲ್ಲಿಗೂ ಕಾನೂನಿನಲ್ಲೇ ಇರಬೇಕು ಅಂತ 1991ರಲ್ಲಿ ಜೇಮ್ಸ್ ಮಾರ್ಗನ್ ಅಧ್ಯಕ್ಷತೆಯ ಸಮಿತಿ ಹೇಳಿತು. ಆಗಿನ ಸರ್ಕಾರ ಕೇಳಲಿಲ್ಲ. ಸರ್ಕಾರ ಬದಲಾಗಿ 1998ರಲ್ಲಿ ‘ಕ್ರೈಮ್ ಅಂಡ್ ಡಿಸಾರ್ಡರ್ ಆಕ್ಟ್’ ಬಂತು.

ಈ ಕಾನೂನು ಪೊಲೀಸರನ್ನೂ ಕೌನ್ಸಿಲ್ಲನ್ನೂ ಒಂದೇ ಮೇಜಿನ ಮುಂದೆ ಕೂರಿಸಿತು. ನಿಮ್ಮ ಊರಿನಲ್ಲಿ ಏನೇನು ಅಪರಾಧ ನಡೆಯುತ್ತಿದೆ ಲೆಕ್ಕ ಹಾಕಿ, ಜನರನ್ನು ಕೇಳಿ, ಮೂರು ವರ್ಷದ ಯೋಜನೆ ಮಾಡಿ ಪ್ರಕಟಿಸಿ ಅಂತ ಹೇಳಿತು. ಆಮೇಲೆ ಅಗ್ನಿಶಾಮಕ ದಳ, ಆರೋಗ್ಯ ಇಲಾಖೆ ಕೂಡ ಮೇಜಿಗೆ ಬಂದವು. ಈಗ ಇವನ್ನು ‘ಕಮ್ಯುನಿಟಿ ಸೇಫ್ಟಿ ಪಾರ್ಟ್‌ನರ್‌ಶಿಪ್’ ಅಂತಾರೆ. ಆ ಕಾನೂನಿನ 17ನೇ ಕಲಂ ಅಂತೂ ಮಜವಾಗಿದೆ. ಕೌನ್ಸಿಲ್ಲು ಯಾವುದೇ ಕೆಲಸ ಮಾಡಲಿ, ಪಾರ್ಕಿಗೆ ಗಿಡ ನೆಡಲಿ, ಕಾರ್ ಪಾರ್ಕ್ ಕಟ್ಟಲಿ, ಅದರಿಂದ ಅಪರಾಧ ಹೆಚ್ಚಾಗುತ್ತದಾ ಕಡಿಮೆಯಾಗುತ್ತದಾ ಅಂತ ಯೋಚಿಸಲೇಬೇಕು. ಡ್ರಿಲ್ಲು ಹಿಡಿದ ಕೌನ್ಸಿಲ್ಲಿನವರು ಪೊಲೀಸರ ಜೊತೆ ನಮ್ಮನೆಗೆ ಯಾಕೆ ಬಂದರು ಅನ್ನುವುದಕ್ಕೆ ಉತ್ತರ ಇಲ್ಲಿದೆ.

*

ಈಗ ಅಜ್ಜಿಯ ವಿಷಯ. ಪಕ್ಕದ ಮನೆಯವರು, ಎಂಬತ್ತು ದಾಟಿದವರು, ಗಂಡ ತೀರಿಕೊಂಡು ಬಹಳ ವರ್ಷ. ಆ ಮನೆಯಲ್ಲಿ ಐವತ್ತು ವರ್ಷ ಬಾಳಿದವರು. ಇಲ್ಲಿ ಎಲ್ಲರೂ ಹೆಸರು ಹಿಡಿದೇ ಕರೆಯುತ್ತಾರೆ. ನನ್ನ ಬಾಯಿಗೆ ಅದು ಬರಲಿಲ್ಲ. ಹೆಸರೂ ಹೇಳದೆ ಏನೂ ಕರೆಯದೆ ಎರಡು ವರ್ಷ ತಳ್ಳಿದ್ದೆ. ನಮ್ಮ ಮಗಳು ‘ಅಜ್ಜಿ’ ಅಂತ ಕರೆಯಲು ಶುರು ಮಾಡಿದ ಮೇಲೆ ನಮಗೂ ಅದೇ ಗಟ್ಟಿಯಾಯ್ತು, ಅವರಿಗೂ ಖುಷಿಯಾಯ್ತು.

ನಮ್ಮನೆಯ ಕಳ್ಳತನದ ಮರುವಾರ ಚಹಾಕ್ಕೆ ಕರೆದು ಅವರು ಹೇಳಿದ ಮೇಲೇ ನಮಗೆ ಗೊತ್ತಾದದ್ದು, ಅವರ ಮನೆಗೆ ನಾವು ಬರುವ ಮುಂಚೆ ಎರಡು ಸಲ ಕಳ್ಳರು ನುಗ್ಗಿದ್ದರು. ಎರಡೂ ಸಲ ಹಿಂದಿನ ಓಣಿಯಿಂದ. ಎರಡನೇ ಸಲ ಅವರು ಮಹಡಿಯ ಮೇಲೆ ಮಲಗಿದ್ದರಂತೆ. ಅಡುಗೆಮನೆಯಲ್ಲಿ ಸದ್ದು ಕೇಳುತ್ತಾ, ಉಸಿರು ಬಿಗಿಹಿಡಿದು, ಹೊದಿಕೆಯೊಳಗೆ. ಆವತ್ತಿನಿಂದ ಪ್ರತಿ ರಾತ್ರಿ ಹಿಂಬಾಗಿಲಿಗೆ ಊಟದ ಮೇಜಿನ ಕುರ್ಚಿಯೊಂದನ್ನು ಒತ್ತರಿಸಿ ಇಟ್ಟು ಮಲಗುವುದು ರೂಢಿಯಾಗಿತ್ತು. ಮಗ ವೃದ್ಧಾಶ್ರಮಕ್ಕೆ ಹೆಸರು ಬರೆಸಲು ಹೇಳುತ್ತಿದ್ದ. ನಮ್ಮನೆಗೂ ಕಳ್ಳರು ಬಂದ ಮೇಲೆ ಅವರೂ ಒಪ್ಪುವ ಹಂತಕ್ಕೆ ಬಂದಿದ್ದರು. “ಮನೆ ಬಿಡಲು ಬೇಜಾರಿಲ್ಲ, ಹೆದರಿಕೊಂಡು ಬಿಡಬೇಕಲ್ಲ ಅಂತ ಬೇಜಾರು” ಅಂದರು. ನಮ್ಮದು ಚಿನ್ನ ಹೋಗಿತ್ತು ಅಷ್ಟೇ.

ಆ ಹಿಂದಿನ ಓಣಿಯ ಬಗ್ಗೆ ಹೇಳಬೇಕು. ವಿಕ್ಟೋರಿಯಾ ರಾಣಿಯ ಕಾಲದ ಸಾಲುಮನೆಗಳ ಬೆನ್ನಿಗೆ ಇಂಥ ಕಿರುದಾರಿ ಇರುತ್ತದೆ, ಎರಡು ಸಾಲು ಮನೆಗಳ ಹಿತ್ತಿಲುಗಳ ನಡುವೆ. ಆಗಿನ ಕಾಲದಲ್ಲಿ ಹಿತ್ತಿಲಿನ ಕಕ್ಕಸು ಖಾಲಿ ಮಾಡುವವರು, ಬೂದಿ ಎತ್ತುವವರು ಬರುತ್ತಿದ್ದ ದಾರಿ. ಮೈಸೂರಿನವರಿಗೆ, ಹಳೇ ಬೆಂಗಳೂರಿನವರಿಗೆ ಥಟ್ಟನೆ ಹೊಳೆದಿರಬೇಕು: ನಮ್ಮ ‘ಕನ್ಸರ್ವೆನ್ಸಿ’! ಅದೇ ಉದ್ದೇಶ, ಅದೇ ಆಕಾರ. ನಮ್ಮಲ್ಲಿ 1970ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಸಚಿವರಾಗಿದ್ದಾಗ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಎರಡೂ ದೇಶಗಳಲ್ಲಿ ಮೂಲ ಕೆಲಸ ಹೋಯಿತು, ಓಣಿ ಮಾತ್ರ ಉಳಿಯಿತು. ಕಸ, ಇಲಿ, ಮುರುಕು ಸೋಫಾ ಮತ್ತು ಯಾರ ಕಣ್ಣಿಗೂ ಬೀಳದೆ ಹಿಂಬಾಗಿಲು ತಲುಪುವ ಸೌಕರ್ಯ. ಕಳ್ಳನಿಗೆ ಇನ್ನೇನು ಬೇಕು?

*

ಜನವರಿಯಲ್ಲಿ ಚರ್ಚಿನ ಹಾಲಿನಲ್ಲಿ ಬೀದಿಯವರ ಸಭೆ. ಪೊಲೀಸರು, ಕೌನ್ಸಿಲರ್, ಕೌನ್ಸಿಲ್ಲಿನ ಇಬ್ಬರು ನೌಕರರು, ಮೂವತ್ತು ಮಂದಿ ಜನ, ಬಿಸ್ಕತ್ತು. “ನಿಮ್ಮ ಬೀದಿಯ ಮುಖ್ಯ ಸಮಸ್ಯೆ ಏನು?” ಅಂತ ಕೇಳಿದರೆ ಮೊದಲ ಇಪ್ಪತ್ತು ನಿಮಿಷ ನಾಯಿಯ ಹೇಸಿಗೆ! ಮುಂದಿನ ಇಪ್ಪತ್ತು ನಿಮಿಷ ಕಸದ ಡಬ್ಬಿ, ಪಾರ್ಕಿಂಗು. ನನಗೆ ಮೈಯೆಲ್ಲ ಉರಿಯಿತು. ಆಮೇಲೆ ಬೀದಿದೀಪದ ಗಲಾಟೆ. ಹಣ ಉಳಿಸಲು ಆಗ ಅನೇಕ ಕೌನ್ಸಿಲ್ಲುಗಳು ಮಧ್ಯರಾತ್ರಿ ನಂತರ ದೀಪ ಆರಿಸುತ್ತಿದ್ದವು, ಅದರಿಂದಲೇ ಕಳ್ಳತನ ಅಂತ ಎಲ್ಲರ ವಾದ. ದೀಪ ಕಡಿಮೆ ಮಾಡಿದ 62 ಕೌನ್ಸಿಲ್ಲುಗಳನ್ನು ನೋಡಿದ 2015ರ ಒಂದು ಅಧ್ಯಯನಕ್ಕೆ ಅಪರಾಧ ಹೆಚ್ಚಿದ್ದಕ್ಕೆ ಪುರಾವೆ ಸಿಕ್ಕಿಲ್ಲ ಅಂತ ಕೌನ್ಸಿಲ್ಲಿನವರು ಸಮಜಾಯಿಷಿ ಕೊಟ್ಟರು. ಯಾರೂ ಒಪ್ಪಲಿಲ್ಲ. ಅಷ್ಟಕ್ಕೂ ನಮ್ಮನೆಗೆ ಕಳ್ಳ ಬಂದದ್ದು ಮಧ್ಯರಾತ್ರಿಯ ನಂತರ ಅಲ್ಲ.

ಆಗ ಅಜ್ಜಿ ಎದ್ದು ನಿಂತು ಕುರ್ಚಿಯ ಕಥೆ ಹೇಳಿದರು. ಎರಡೇ ನಿಮಿಷ. ಹಾಲು ಗಪ್‌ಚುಪ್. ಓಣಿಯ ಎರಡೂ ತುದಿಗೆ ಗೇಟು ಹಾಕಬಹುದಾ ಅಂತ ಕೇಳಿ ಕೂತರು.

ಹಾಕಬಹುದು, ಆದರೆ ಸುಲಭವಲ್ಲ. ಓಣಿ ಸಾರ್ವಜನಿಕ ದಾರಿ. ಅದನ್ನು ಮುಚ್ಚಲು ಕೌನ್ಸಿಲ್ಲು 2014ರ ಕಾನೂನಿನ ಕೆಳಗೆ ಆದೇಶ ಹೊರಡಿಸಬೇಕು, ಅದಕ್ಕೆ ಮೊದಲು ಎಲ್ಲರ ಅಭಿಪ್ರಾಯ ಕೇಳಬೇಕು. ಪೊಲೀಸರು ಅಲ್ಲಿ ನಡೆದ ಕಳ್ಳತನದ ಲೆಕ್ಕ ಕೊಡಬೇಕು. ಅಗ್ನಿಶಾಮಕ ದಳ, ಕಸದ ಗಾಡಿಯವರು ಸರಿ ಅನ್ನಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಎರಡು ಸಾಲಿನ ಮೂವತ್ತನಾಲ್ಕು ಮನೆಯವರ ಒಪ್ಪಿಗೆ ಬೇಕು ಅಂತ ಕೌನ್ಸಿಲ್ಲು ಕೇಳಿತು. ಆ ಸಹಿ ಸಂಗ್ರಹ ನನ್ನ ಪಾಲಿಗೆ ಬಂತು.

ಸಂಜೆ ಕತ್ತಲಲ್ಲಿ, ಮಂಕಿ ಟೋಪಿ ಹಾಕಿಕೊಂಡು, ಕೈಯಲ್ಲಿ ಕಾಗದ ಹಿಡಿದು, ಪರಿಚಯವಿಲ್ಲದವರ ಬಾಗಿಲು ತಟ್ಟುವ ಕಂದುಬಣ್ಣದ ಮನುಷ್ಯ! ಮೊದಲ ಮೂರು ಮನೆಯವರು ಬಾಗಿಲನ್ನು ಸರಪಳಿಯಷ್ಟೇ ತೆರೆದು “ನಮಗೇನೂ ಬೇಡ” ಅಂದರು. ನಾಲ್ಕನೆಯವರು ಕಿಟಕಿಯಿಂದಲೇ ಕೈ ಆಡಿಸಿದರು. ಕಳ್ಳರ ವಿರುದ್ಧ ಸಹಿ ಕೇಳಲು ಹೋದವನೇ ಕಳ್ಳನ ಹಾಗೆ ಕಾಣುತ್ತಿದ್ದೆ ಅಂತ ಕಾಣುತ್ತೆ. ನಗು ಬರುತ್ತದೆ ಈಗ. ಆವತ್ತು ಬರಲಿಲ್ಲ. ನೆರೆಹೊರೆ ಕಾವಲು ಅನ್ನುವುದರಲ್ಲಿ ಇದೊಂದು ಮುಳ್ಳು ಇದ್ದೇ ಇದೆ. ಎಲ್ಲರೂ ಎಲ್ಲರನ್ನೂ ನೋಡುತ್ತಾ ಕೂತರೆ, ಹೆಚ್ಚು ‘ನೋಡಿಸಿಕೊಳ್ಳುವವರು’ ನಮ್ಮಂಥವರೇ.

ಮರುದಿನ ಅಜ್ಜಿ “ನಾನೂ ಬರ್ತೀನಿ” ಅಂತ ಕೋಲು ಹಿಡಿದು ಹೊರಟರು. ಹೆಬ್ಬಾಗಿಲುಗಳೆಲ್ಲ ಅಗಲವಾಗಿ ತೆರೆದವು. ಮೂಲೆಮನೆಯ ಪಾಕಿಸ್ತಾನಿ ಟ್ಯಾಕ್ಸಿ ಡ್ರೈವರ್ ಸಹಿ ಹಾಕಿದ್ದಷ್ಟೇ ಅಲ್ಲ, ಪೋಲಿಷ್ ಕುಟುಂಬಕ್ಕೆ, ಬಾಡಿಗೆಯ ಹುಡುಗರಿಗೆ ತಾವೇ ವಿವರಿಸಿ ಬಂದರು. ಅವರ ಮನೆಯಿಂದಲೂ ಚಿನ್ನ ಹೋಗಿತ್ತು, ನಾವು ಆ ಬೀದಿಗೆ ಬರುವ ಹಿಂದಿನ ವರ್ಷ. ಒಂದೇ ಓಣಿ, ಮೂರು ಮನೆ, ನಾಲ್ಕು ಕಳ್ಳತನ. ಒಬ್ಬರದ್ದು ಇನ್ನೊಬ್ಬರಿಗೆ ಗೊತ್ತೇ ಇರಲಿಲ್ಲ! ಒಬ್ಬರು ಮಾತ್ರ ಕೊನೆಯವರೆಗೂ ಸಹಿ ಹಾಕಲಿಲ್ಲ, ನಾಯಿ ತಿರುಗಾಡಿಸುವ ದಾರಿ ಹೋಗುತ್ತದೆ ಅಂತ. ಅವರ ಆಕ್ಷೇಪಣೆಯನ್ನೂ ಬರೆದುಕೊಂಡು ಕೊಟ್ಟೆವು.

2018ರ ವಸಂತದಲ್ಲಿ ಗೇಟು ಬಂತು. ಕಪ್ಪು ಕಬ್ಬಿಣದ, ಏಳಡಿ ಎತ್ತರದ, ಆಚೆಯಿಂದ ಈಚೆ ಕಾಣುವ ಸರಳುಗಳ ಗೇಟು. ಮನೆಗೊಂದು ಕೀಲಿ.

*

ಗೇಟು ಹಾಕಿದ ಮೇಲೆ ಕಳ್ಳತನ ನಿಂತಿತಾ? ಆ ಓಣಿಯ ಕಡೆಯಿಂದ ಮತ್ತೆ ಯಾರೂ ಬರಲಿಲ್ಲ. ಆದರೆ ಒಂದು ಬೀದಿಯಿಂದ ಏನನ್ನೂ ಸಾಧಿಸಿ ತೋರಿಸಲಾಗದು. ಲಿವರ್‌ಪೂಲಿನಲ್ಲಿ ಇಂಥ ಗೇಟುಗಳನ್ನು ಸಾವಿರಗಟ್ಟಲೆ ಹಾಕಿದರು. ಗೇಟಿಲ್ಲದ ಕಡೆಗಳಿಗೆ ಹೋಲಿಸಿದರೆ ಗೇಟಿದ್ದ ಕಡೆ ಕಳ್ಳತನ ಶೇಕಡಾ 37ರಷ್ಟು ಇಳಿಯಿತು ಅಂತ 2004ರಲ್ಲಿ ಬಂದ ಅಧ್ಯಯನ ಹೇಳುತ್ತದೆ. ‘ಇಲ್ಲಿ ಮುಚ್ಚಿದರೆ ಪಕ್ಕದ ಬೀದಿಗೆ ಹೋಗ್ತಾನೆ’ ಅನ್ನುವ ನಮ್ಮೆಲ್ಲರ ಅನುಮಾನವನ್ನೂ ಅವರು ಅಳೆದು ನೋಡಿದ್ದಾರೆ. ಅಕ್ಕಪಕ್ಕದ ಜಾಗಗಳಿಗೂ ಒಂದಿಷ್ಟು ಲಾಭವೇ ಆಗಿತ್ತಂತೆ.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಮನೆಗಳ್ಳತನ 1990ರ ದಶಕದ ನಡುವಿನಲ್ಲಿ ಇದ್ದದ್ದಕ್ಕಿಂತ ಮುಕ್ಕಾಲು ಭಾಗಕ್ಕೂ ಹೆಚ್ಚು ಇಳಿದಿದೆ. ಅದಷ್ಟೂ ಈ ಮೇಜಿನ ಸುತ್ತ ಕೂತವರ ಪುಣ್ಯ ಅನ್ನಲಾಗದು. ಬಾಗಿಲು ಕಿಟಕಿಗಳೇ ಗಟ್ಟಿಯಾದವು, ಟೀವಿ ಕದ್ದು ಮಾರಿದರೆ ಲಾಭವೂ ಇಲ್ಲವಾಯಿತು. ಆದರೂ ಅವರ ಪಾಲು ಇದೆ ಅಂತ ನನ್ನ ನಂಬಿಕೆ.

ಅಜ್ಜಿ ವೃದ್ಧಾಶ್ರಮಕ್ಕೆ ಹೋಗಲಿಲ್ಲ. ನಾವು ಆ ಊರು ಬಿಡುವಾಗಲೂ ಅದೇ ಮನೆಯಲ್ಲಿದ್ದರು. ಆ ಕುರ್ಚಿ ಊಟದ ಮೇಜಿಗೆ ವಾಪಸು ಬಂದಿತ್ತು.

*

ಇಷ್ಟು ಓದಿ ‘ಆಹಾ ಇಂಗ್ಲೆಂಡೇ’ ಅಂತ ಬಾಯಿ ಚಪ್ಪರಿಸಬೇಡಿ. ಇದೇ ವ್ಯವಸ್ಥೆ ಕೈಕೊಟ್ಟ ಒಂದು ಪ್ರಸಂಗ ಹೇಳದೆ ಮುಗಿಸಿದರೆ ಅನ್ಯಾಯವಾಗುತ್ತದೆ. 2007ರಲ್ಲಿ ಲೆಸ್ಟರ್‌ಶೈರಿನಲ್ಲಿ ಒಬ್ಬ ತಾಯಿ ತನ್ನ ಅಂಗವಿಕಲ ಮಗಳೊಂದಿಗೆ ಕಾರಿನೊಳಗೆ ಬೆಂಕಿ ಹಚ್ಚಿಕೊಂಡು ಸತ್ತಳು. ಬೀದಿಯ ಪುಂಡ ಹುಡುಗರು ವರ್ಷಗಟ್ಟಲೆ ಆ ಮನೆಯನ್ನು ಕಾಡಿದ್ದರು. ಹತ್ತು ವರ್ಷಗಳಲ್ಲಿ ಮೂವತ್ತಕ್ಕೂ ಹೆಚ್ಚು ಸಲ ಪೊಲೀಸರಿಗೆ ಫೋನ್ ಹೋಗಿತ್ತು. ಪ್ರತಿ ಸಲವೂ ಅದು ‘ಸಣ್ಣ ಗಲಾಟೆ’. ಸಹಭಾಗಿತ್ವದ ಕಾನೂನು ಬಂದು ಒಂಬತ್ತು ವರ್ಷವಾಗಿತ್ತು. ಆದರೆ ಪೊಲೀಸರ ಬಳಿ ಇದ್ದದ್ದು ಕೌನ್ಸಿಲ್ಲಿಗೆ ಗೊತ್ತಿಲ್ಲ, ಕೌನ್ಸಿಲ್ಲಿಗೆ ಗೊತ್ತಿದ್ದದ್ದು ಪೊಲೀಸರಿಗಿಲ್ಲ. ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದವರು ಯಾರೂ ಇರಲಿಲ್ಲ. ಪೊಲೀಸರ ಮತ್ತು ಕೌನ್ಸಿಲ್ಲುಗಳ ಲೋಪವೂ ಈ ಸಾವುಗಳಿಗೆ ಕಾರಣ ಅಂತ 2009ರ ವಿಚಾರಣೆಯಲ್ಲಿ ಜ್ಯೂರಿ ಹೇಳಿತು. ಒಂದೇ ತೊಂದರೆ ಮತ್ತೆ ಮತ್ತೆ ದೂರಾಗಿ ಬಂದರೆ ಎಲ್ಲ ಇಲಾಖೆಯವರೂ ಕೂಡಿ ಕೂತು ಪರಿಶೀಲಿಸಬೇಕು ಅಂತ ಕೇಳುವ ಹಕ್ಕು ಜನರಿಗೆ ಬಂದದ್ದು 2014ರ ಕಾನೂನಿನಲ್ಲಿ.

ಅಲ್ಲೂ ಪಾಠ ಅದೇ ನೋಡಿ. ಕಷ್ಟ ಒಂದೇ ಮನೆಗೆ ಮತ್ತೆ ಮತ್ತೆ ಬರುತ್ತದೆ. ಬಿಡಿ ಬಿಡಿಯಾಗಿ ನೋಡಿದರೆ ಪ್ರತಿಯೊಂದೂ ಸಣ್ಣದು. ಕೂಡಿಸಿ ನೋಡಿದರಷ್ಟೇ ಅದರ ನಿಜವಾದ ಗಾತ್ರ ಕಾಣುವುದು.

ಹಣದ ಕಥೆಯೂ ಇದೆ. 2010ರಿಂದ 2018ರ ನಡುವೆ ಇಂಗ್ಲೆಂಡ್–ವೇಲ್ಸ್‌ನಲ್ಲಿ ಸುಮಾರು 20,000 ಪೊಲೀಸ್ ಹುದ್ದೆಗಳು ಕರಗಿಹೋದವು. ಕೌನ್ಸಿಲ್ಲುಗಳ ಬೊಕ್ಕಸವೂ ಬರಿದಾಯ್ತು. ನಮ್ಮನೆಗೆ ಬಂದಿದ್ದ ಪಿ.ಸಿ.ಎಸ್.ಓ ಗೇಟು ಬರುವಷ್ಟರಲ್ಲಿ ಕೆಲಸದಲ್ಲಿರಲಿಲ್ಲ. ಮನೆಗಳ್ಳತನವಾದ ಪ್ರತಿ ಮನೆಗೂ ಪೊಲೀಸರು ಖುದ್ದಾಗಿ ಹೋಗುತ್ತಾರೆ ಅಂತ ಪೊಲೀಸ್ ಮುಖ್ಯಸ್ಥರು 2022ರ ಅಕ್ಟೋಬರಿನಲ್ಲಿ ಮಾತು ಕೊಡಬೇಕಾಯ್ತು. ಮಾತು ಕೊಡಬೇಕಾಯ್ತು ಅಂದರೆ ಅಲ್ಲಿಯವರೆಗೆ ಹೋಗುತ್ತಿರಲಿಲ್ಲ ಅಂತ ತಾನೇ ಅರ್ಥ?

*

ನಮ್ಮೂರಿನ ವಿಷಯಕ್ಕೆ ಬಂದರೆ, ಮೈಸೂರಿನ ನನ್ನ ಬಾಲ್ಯದ ರಾತ್ರಿಗಳಲ್ಲಿ ಕೇಳುತ್ತಿದ್ದದ್ದು ಗೂರ್ಖಾನ ಸೀಟಿ ಮತ್ತು ಕೋಲಿನ ಸದ್ದು. ತಿಂಗಳಿಗೊಮ್ಮೆ ಬಾಗಿಲಿಗೆ ಬಂದು ಸಲಾಂ ಹೊಡೆದು ಹಣ ಇಸಕೊಳ್ಳುತ್ತಿದ್ದ. ಬೀಟ್ ಪೊಲೀಸು ಬೇರೆ, ಬೀದಿದೀಪದ ನಗರಪಾಲಿಕೆ ಬೇರೆ. ಪೊಲೀಸರು ರಾಜ್ಯದ ಗೃಹ ಇಲಾಖೆಯವರು, ಪಾಲಿಕೆಗೂ ಅವರಿಗೂ ಮಾತುಕತೆ ಹಬ್ಬ, ಮೆರವಣಿಗೆಗಳಿಗಷ್ಟೇ. 2017ರಲ್ಲಿ ಕರ್ನಾಟಕ ಪೊಲೀಸರು ಬೀಟ್ ವ್ಯವಸ್ಥೆಯನ್ನು ಬದಲಿಸಿ, ಪ್ರತಿ ಬೀಟಿಗೂ ಒಬ್ಬ ಕಾನ್‌ಸ್ಟೆಬಲನ್ನು ಹೊಣೆ ಮಾಡಿ, ಬಡಾವಣೆಯ ಜನರನ್ನೇ ಸದಸ್ಯರನ್ನಾಗಿ ಸೇರಿಸಿಕೊಳ್ಳಲು ಶುರು ಮಾಡಿದ್ದು ಒಳ್ಳೆಯ ಹೆಜ್ಜೆ. ಆ ಸಭೆಯಲ್ಲಿ ಪಾಲಿಕೆಯ ಎಂಜಿನಿಯರ್ ಒಬ್ಬರು ಖಾಯಂ ಆಗಿ ಬಂದು ಕೂತರೆ ಏನಾಗಬಹುದು ಅಂತ ಯೋಚಿಸಿ.

ಅದೆಲ್ಲ ಸರ್ಕಾರದ ಕೆಲಸ, ಆದಾಗ ಆಗಲಿ. ನಮ್ಮ ಕೈಯಲ್ಲೇ ಇರುವುದು ಒಂದಿದೆ. ಬೀದಿಯಲ್ಲಿ ಯಾರದಾದರೂ ಮನೆಗೆ ಕಳ್ಳ ನುಗ್ಗಿದರೆ ನಾವು ಮೊದಲ ದಿನ ಹೋಗುತ್ತೇವೆ, ಎಷ್ಟು ಗ್ರಾಂ ಹೋಯ್ತು ಅಂತ ಕೇಳುತ್ತೇವೆ, ‘ಬಾಗಿಲು ಸರಿಯಾಗಿ ಹಾಕಬೇಕಿತ್ತು’ ಅಂತ ಬುದ್ಧಿ ಹೇಳಿ ಬರುತ್ತೇವೆ. ಎರಡನೇ ದಿನದಿಂದ ಆ ಮನೆಯವರು ಒಂಟಿ. ಅಪಾಯ ಹೆಚ್ಚಿರುವುದು ಆ ಎರಡನೇ ದಿನದಿಂದ ಅನ್ನುವುದು ಗೊತ್ತಾದ ಮೇಲೆ ಹಾಗೆ ಬಿಟ್ಟು ಬರಲು ಮನಸ್ಸಾಗುವುದಿಲ್ಲ. ಬೀಗದವನನ್ನು ಕರೆತನ್ನಿ. ಅವರು ಆಸ್ಪತ್ರೆಗೋ ಮದುವೆಗೋ ಹೋದರೆ ಸಂಜೆ ಅವರ ಮನೆಯ ದೀಪ ಹಾಕಿ. ಆರೆಂಟು ವಾರ ಹಾಗೆ ಮಾಡಿದರೆ ಸಾಕು. ಗಾದೆಗೆ ಏನು ಮಾಡೋಣ ಅಂತೀರಾ? ಅದು ಪರೀಕ್ಷೆಗೂ ಉಕ್ಕಿದ ಹಾಲಿಗೂ ಇರಲಿ ಬಿಡಿ. ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲನ್ನು ಖಂಡಿತ ಹಾಕಿ, ಪಕ್ಕದ ಮನೆಯದ್ದನ್ನೂ!